ಮಾದರಿಯೂ ಮೂಲವೂ

ಸಾವಿರಾರು ಟನ್ನು ಭಾರದ ಹಡಗನ್ನು ಕಟ್ಟಿ ನೀರಿಗಿಳಿಸಿದ ಮೇಲೆ, ಅದರ ಯಂತ್ರಕ್ಕೆ ತಕ್ಕ ಬಲವಿಲ್ಲವೆಂದು ತಿಳಿದರೆ ಗತಿಯೇನು? 19ನೆಯ ಶತಮಾನದ ನೌಕಾಶಿಲ್ಪಿಗಳನ್ನು ಕಾಡಿದ ಪ್ರಶ್ನೆಯಿದು. ಚಿಕ್ಕ ಮಾದರಿಯನ್ನು ತೇಲಿಬಿಟ್ಟು ಪರೀಕ್ಷಿಸಬಾರದೇಕೆ ಎಂದರೆ, ಅದು ಮಕ್ಕಳಾಟವೆಂದು ಅನೇಕ ತಜ್ಞರು ಅಲ್ಲಗಳೆದಿದ್ದರು.

ಈ ಗಂಟನ್ನು ಬಿಡಿಸಿದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. ರೂಪವೊಂದೇ ಹೋಲಿದರೆ ಸಾಲದು, ನಡೆಯೂ ಹೋಲಬೇಕೆಂಬುದು ಅವನ ಮತದ ಸಾರ. ಹಡಗು ಮುನ್ನುಗ್ಗುವಾಗ ಅಲೆಗಳೇಳುತ್ತವೆ. ಅವನ್ನೆಬ್ಬಿಸುವುದರಲ್ಲಿ ಬಲವು ವ್ಯಯವಾಗುತ್ತದೆ. ಮಾದರಿಯ ಉದ್ದವು ಮೂಲದ 16ರಲ್ಲಿ 1 ಪಾಲಾದರೆ, ಮೂಲದ ವೇಗವನ್ನು 16ರ ವರ್ಗಮೂಲವಾದ 4ರಿಂದ ಭಾಗಿಸಿ, ಆ ವೇಗದಲ್ಲಿ ಮಾದರಿಯನ್ನು ಎಳೆಯಬೇಕು. ಆಗ ಎರಡರ ಅಲೆಗಳೂ ಒಂದೇ ಆಕಾರವನ್ನು ತಾಳುತ್ತವೆ. ಆದರೆ ನೀರು ಹಡಗಿನ ಮೈಯನ್ನು ಉಜ್ಜುವ ಘರ್ಷಣೆಯು ಈ ನಿಯಮಕ್ಕೆ ಒಳಪಡದು. ಅದನ್ನು ಫ್ರೂಡನು ಹಲಗೆಗಳನ್ನು ನೀರಿನಲ್ಲೆಳೆದು ಬೇರೆಯಾಗಿ ಅಳೆದು, ಲೆಕ್ಕಕ್ಕೆ ಸೇರಿಸಿದನು. 1871ರಲ್ಲಿ ‘ಗ್ರೇಹೌಂಡ್’ ಎಂಬ ನಿಜವಾದ ಯುದ್ಧನೌಕೆಯನ್ನೇ ಇನ್ನೊಂದು ಹಡಗಿನಿಂದ ಎಳೆಯಿಸಿ, ಹಗ್ಗದ ಸೆಳೆತವನ್ನು ಅಳೆಯಲಾಗಿತ್ತು. ಮಾದರಿಯ ಲೆಕ್ಕವು ಅದರೊಡನೆ ಬಹುಮಟ್ಟಿಗೆ ಹೊಂದಿತು.

ಅಣೆಕಟ್ಟಿನ ಕೋಡಿಯ ಮಾದರಿಗಳಿಗೂ ಇದೇ ನಿಯಮವು ಆಧಾರ. ಕೃಷ್ಣರಾಜಸಾಗರದ ಸಂಶೋಧನಾಲಯದಲ್ಲಿಯೂ ಇಂಥ ಕೆಲಸ ನಡೆದಿದೆ.

ಶ್ರೋತೃಗಳೆ, ಇಂದು ಗಣಕಯಂತ್ರವು ಸಮೀಕರಣಗಳಲ್ಲಿಯೇ ಹಡಗನ್ನು ತೇಲಿಸುತ್ತದೆ. ಅದೂ ಮಾದರಿಯೇ. ಅದು ಯಾವುದನ್ನು ಉಳಿಸಿಕೊಂಡಿತು, ಯಾವುದನ್ನು ಬಿಟ್ಟಿತು ಎಂಬುದನ್ನು ವಿಚಾರಿಸಿ, ನಿಜವಾದ ನೀರಿನೊಡನೆ ತಾಳೆನೋಡಿದ ತರುವಾಯವೇ ಅದನ್ನು ನಂಬುವುದು ಲೇಸು.