ದಿನಕ್ಕೊಂದು ಬಟರ್ ಫ್ರೂಟ್ ತಿಂದರೆ ಹೃದಯಕ್ಕೆ ಏನಾಗುತ್ತೆ?

ಕೊಡಗಿನ ಕಾಫಿ ತೋಟಗಳ ಬೆಣ್ಣೆ ಹಣ್ಣು, ನಮ್ಮ ಜ್ಯೂಸ್ ಅಂಗಡಿಗಳ ಬಟರ್ ಫ್ರೂಟ್, ಈಗ ಆವಕಾಡೊ ಅನ್ನೋ ಹೆಸರಲ್ಲಿ ರೀಲ್ಸ್ ತುಂಬಾ ಓಡಾಡ್ತಿದೆ. ದಿನಕ್ಕೊಂದು ತಿಂದ್ರೆ ಹೃದಯ ಗಟ್ಟಿ ಅಂತಾರೆ. ಎಷ್ಟು ನಿಜ ಅಂತ ನೋಡೋಣ.

ಹಣ್ಣುಗಳಲ್ಲಿ ಇದೊಂದು ವಿಚಿತ್ರ ಜಾತಿ. ಬಾಳೆಹಣ್ಣಿನಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಇದರ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬಿದೆ. ಅದರಲ್ಲಿ ಮೂರನೇ ಎರಡು ಭಾಗ ಆಲಿವ್ ಎಣ್ಣೆಯಲ್ಲಿರುವಂಥ ಓಲಿಯಿಕ್ ಆಮ್ಲ. ಬೆಣ್ಣೆ, ಡಾಲ್ಡಾದಂಥ ಕೊಬ್ಬಿನ ಜಾಗಕ್ಕೆ ಇದು ಬಂದರೆ, ರಕ್ತದಲ್ಲಿರುವ ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲನ್ನು ಯಕೃತ್ತು ಹೆಚ್ಚು ಚುರುಕಾಗಿ ಎಳೆದುಕೊಳ್ಳುತ್ತೆ. ಜೊತೆಗೆ 100 ಗ್ರಾಂಗೆ 7 ಗ್ರಾಂನಷ್ಟು ನಾರಿದೆ. ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತೆ. ಹೊಸ ಪಿತ್ತ ತಯಾರಿಸೋಕೆ ಯಕೃತ್ತು ಕೊಲೆಸ್ಟ್ರಾಲನ್ನೇ ಖರ್ಚು ಮಾಡಬೇಕು.

ಥಿಯರಿ ಆಯ್ತು. ಪ್ರಾಕ್ಟಿಕಲ್ ಏನು ಹೇಳುತ್ತೆ?

ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು 30 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ವಾರಕ್ಕೆ ಎರಡು ಸಲ ಅರ್ಧರ್ಧ ಹಣ್ಣು ತಿನ್ನುವವರಲ್ಲಿ ಹೃದಯ-ರಕ್ತನಾಳದ ಕಾಯಿಲೆಯ ಅಪಾಯ 16% ಕಡಿಮೆ ಕಂಡಿತು. ರೀಲ್ಸ್‌ನವರು ಹಿಡ್ಕೊಂಡಿದ್ದು ಇದನ್ನೇ. ಆದರೆ ಇದು ಗಮನಿಸಿದ್ದಷ್ಟೇ, ಪ್ರಯೋಗ ಅಲ್ಲ. ಆವಕಾಡೊ ತಿನ್ನುವವರು ವ್ಯಾಯಾಮ, ತರಕಾರಿ, ಸಂಬಳ ಎಲ್ಲದರಲ್ಲೂ ಬೇರೆ ಇರಬಹುದು. ಲೆಕ್ಕಾಚಾರದಲ್ಲಿ ಎಷ್ಟೇ ಸರಿಮಾಡಿದರೂ ಸ್ವಲ್ಪ ಉಳಿದೇ ಉಳಿಯುತ್ತೆ.

ಅದೇ ವರ್ಷ ನಿಜವಾದ ಪ್ರಯೋಗವೊಂದರ ವರದಿಯೂ ಬಂತು. ಸೊಂಟದ ಸುತ್ತಳತೆ ಹೆಚ್ಚಿದ್ದ ಸುಮಾರು ಸಾವಿರ ಜನ, 26 ವಾರ. ಅರ್ಧ ಜನಕ್ಕೆ ದಿನಕ್ಕೊಂದು ಹಣ್ಣು, ಉಳಿದವರಿಗೆ ಮಾಮೂಲಿ ಊಟ. ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್‌ಡಿಎಲ್ ಇಳಿದದ್ದು ಸುಮಾರು 2.5. ಅಂದ್ರೆ 130 ಇದ್ದೋರಿಗೆ 127.5. ಇಷ್ಟೇನಾ ಅನ್ಸುತ್ತೆ ಅಲ್ವಾ?

ಈಗ 2015ರ ಇನ್ನೊಂದು ಪ್ರಯೋಗ ನೋಡಿ. 45 ಜನಕ್ಕೆ ಸಂಶೋಧಕರೇ ಊಟ ಅಳೆದು ಕೊಟ್ಟರು. ಕೊಬ್ಬು ಕಡಿಮೆ ಇರೋ ಊಟ, ಎಣ್ಣೆಯಿಂದ ಓಲಿಯಿಕ್ ಆಮ್ಲ ಸಿಗೋ ಊಟ, ದಿನಕ್ಕೊಂದು ಆವಕಾಡೊ ಇರೋ ಊಟ. ಒಬ್ಬೊಬ್ಬರಿಗೂ ಮೂರೂ, ತಲಾ 5 ವಾರ. ಎಲ್‌ಡಿಎಲ್ ಇಳಿಕೆ ಕ್ರಮವಾಗಿ 7.4, 8.3, 13.5. ಅದೇ ಹಣ್ಣು, ದಿನಕ್ಕೆ ಅದೇ ಒಂದು. ಫಲಿತಾಂಶ ಮಾತ್ರ ಐದು ಪಟ್ಟು! ಎರಡು ಪ್ರಯೋಗಗಳ ಜನ ಬೇರೆ, ಅವಧಿ ಬೇರೆ, ನಿಜ. ಆದರೂ ನಮಗೆ ಕಾಣೋ ಮುಖ್ಯ ಕಾರಣ ತಟ್ಟೆಯಲ್ಲಿದೆ. ಒಂದರಲ್ಲಿ ಹಳೇ ಊಟದ ಮೇಲೆ ಹಣ್ಣು ಸೇರಿತು, ಇನ್ನೊಂದರಲ್ಲಿ ಊಟವನ್ನೇ ಬದಲಿಸಿ ಅದರೊಳಗೆ ಹಣ್ಣಿಗೆ ಜಾಗ ಮಾಡಿದರು. (ಎರಡಕ್ಕೂ ಹಣ ಕೊಟ್ಟಿದ್ದು ಅಮೆರಿಕದ ಆವಕಾಡೊ ಬೋರ್ಡ್. 2.5 ಅನ್ನೋ ಸಂಖ್ಯೆ ಅವರಿಗೇನೂ ಖುಷಿ ಕೊಟ್ಟಿರಲಾರದು. ನಮಗೆ ಅದರ ಮೇಲೆ ನಂಬಿಕೆ ಜಾಸ್ತಿ ಆಗೋದೂ ಅದಕ್ಕೇ.)

ಇದನ್ನ ಕ್ಯಾಂಪಸ್‌ಗೆ ತಂದು ನೋಡಿ. ಪಫ್ಸ್, ಗೋಬಿ ಎಲ್ಲಾ ಮುಗಿಸಿ, ಮೇಲೆ ಸಕ್ಕರೆ, ಐಸ್‌ಕ್ರೀಂ ಹಾಕಿದ ಬಟರ್ ಫ್ರೂಟ್ ಮಿಲ್ಕ್‌ಶೇಕ್ ಕುಡಿದರೆ ಅದು ಮೊದಲನೇ ಪ್ರಯೋಗಕ್ಕಿಂತಲೂ ಕಡೆ. ಅರ್ಧ ಹಣ್ಣನ್ನು ಉಪ್ಪು, ನಿಂಬೆರಸ, ಹಸಿಮೆಣಸಿನಕಾಯಿ ಜೊತೆ ಕಿವುಚಿ, ಚಪಾತಿಗೆ ಬೆಣ್ಣೆಯ ಬದಲು ಸವರಿಕೊಂಡರೆ ಎರಡನೆಯದಕ್ಕೆ ಹತ್ತಿರ. ಮೂತ್ರಪಿಂಡದ ತೊಂದರೆ ಇರೋರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು, ಇದರಲ್ಲಿ ಪೊಟ್ಯಾಸಿಯಂ ಬಾಳೆಹಣ್ಣಿಗಿಂತ ಜಾಸ್ತಿ.