ತಮಿಳು ಬಾರದ ತಮಿಳು ನಿರ್ದೇಶಕ

ತಮಿಳೇ ಬರಲ್ಲ.
ಆದ್ರೂ ಹದಿನೈದು ವರ್ಷ ತಮಿಳು ಸಿನಿಮಾ ಮಾಡೋಕಾಗುತ್ತಾ?

ಒಬ್ಬರು ಮಾಡಿದ್ರು.
ಹೆಸರು ಎಲ್ಲಿಸ್ ಆರ್. ಡಂಗನ್.
ಅಮೆರಿಕದ ಒಹಾಯೊದವರು.

1935.
ಕಾಲೇಜು ಗೆಳೆಯ ಮಾಣಿಕ್ ಲಾಲ್ ಟಂಡನ್ ಜೊತೆ ಭಾರತಕ್ಕೆ ಬಂದ್ರು.
ಸ್ವಲ್ಪ ದಿನ ಇದ್ದು ಹೋಗೋಣ ಅಂತ ಬಂದವರು,
ಇಲ್ಲೇ ಉಳಿದುಬಿಟ್ರು.

ಮರುವರ್ಷವೇ 'ಸತಿ ಲೀಲಾವತಿ'.
ಅದರಲ್ಲೊಂದು ಚಿಕ್ಕ ಪಾತ್ರ, ಒಬ್ಬ ಹೊಸ ಹುಡುಗ.
ಯಾರು ಗೊತ್ತಾ?
ಎಂ.ಜಿ.ಆರ್!

ಸರಿ, ಭಾಷೆ ಬಾರದೆ ನಿರ್ದೇಶನ ಹೇಗೆ?
ಮಾತಿಗೆ ಸಹಾಯಕರಿದ್ರು.
ಭಾವಕ್ಕೆ ಅವರ ಕಣ್ಣೇ ಸಾಕಿತ್ತು.
ಮಾತು ಬಾರದ ಕೂಸಿನ ಮುಖ ನೋಡಿ
ತಾಯಿ ಹಸಿವು ತಿಳ್ಕೊಳ್ತಾಳಲ್ಲ,
ಹಾಗೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ ಕೇಳಿ.

1945ರ 'ಮೀರಾ'.
ನಾಯಕಿ, ಎಂ.ಎಸ್. ಸುಬ್ಬುಲಕ್ಷ್ಮಿ.
ಶೂಟಿಂಗ್‌ಗೂ ಮೊದಲು ಡಂಗನ್
ಎಂ.ಎಸ್. ಮುಖದ್ದೊಂದು ಪ್ಲಾಸ್ಟರ್ ಪ್ರತಿಮೆ ಮಾಡಿಸಿದ್ರು.
ಕ್ಯಾಮೆರಾಮನ್ ಜಿತೇನ್ ಬ್ಯಾನರ್ಜಿ ಜೊತೆ ಕೂತು
ಆ ಪ್ರತಿಮೆ ಮೇಲೆ ಬೆಳಕು ಬಿಟ್ಟು ನೋಡಿದ್ರು.
ಮೇಲಿಂದ.
ಪಕ್ಕದಿಂದ.
ಕೆಳಗಿಂದ.
ಯಾವ ಕೋನದಲ್ಲಿ ಮುಖ ಅರಳುತ್ತೆ,
ಎಲ್ಲಿ ನೆರಳು ಬೀಳುತ್ತೆ,
ಎಲ್ಲಾ ಮೊದಲೇ ಲೆಕ್ಕ!
ಎಂಥ ಶ್ರದ್ಧೆ ನೋಡಿ.

1947ರಲ್ಲಿ 'ಮೀರಾ' ಹಿಂದಿಯಲ್ಲೂ ಬಂತು.
ತೆರೆ ಮೇಲೆ ಎಂ.ಎಸ್. ಪರಿಚಯ ಮಾಡಿಕೊಟ್ಟವರು
ಸ್ವತಃ ಸರೋಜಿನಿ ನಾಯ್ಡು.

1950ರಲ್ಲಿ 'ಮಂತ್ರಿ ಕುಮಾರಿ'.
ಸಂಭಾಷಣೆ ಕರುಣಾನಿಧಿ, ನಾಯಕ ಎಂ.ಜಿ.ಆರ್.
ಅದು ಪೂರ್ತಿಯಾಗೋ ಮೊದಲೇ ಡಂಗನ್ ಅಮೆರಿಕಕ್ಕೆ ಹೊರಟ್ರು.
ಉಳಿದದ್ದನ್ನ ಟಿ.ಆರ್. ಸುಂದರಂ ಮುಗಿಸಿದ್ರು.

2001ರಲ್ಲಿ, ಅಮೆರಿಕದಲ್ಲೇ, ಡಂಗನ್ ತೀರಿಕೊಂಡ್ರು.

ಇವತ್ತು ರಾತ್ರಿ 'ಮೀರಾ'ದ ಒಂದು ಹಾಡು ಹಾಕಿ.
ಎಂ.ಎಸ್. ಕೆನ್ನೆ ಮೇಲೆ ಬೀಳೋ ಆ ಬೆಳಕು ನೋಡಿ.