ಹಂಡೆ ಹೋಗಿ ಗ್ಯಾಸ್ ಬಂದಾಗ

ಕಾಸರಗೋಡು ಸೀಮೆಯ ಕನ್ನಡ ಮನೆಗಳಲ್ಲಿ ಬಚ್ಚಲ ಒಲೆಯೂ ತಾಮ್ರದ ಹಂಡೆಯೂ ಇಲ್ಲದ ಮನೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಮಡಲು, ಗೆರಟೆ, ಅಡಿಕೆ ಹಾಳೆಗಳು ತೋಟದಲ್ಲಿಯೇ ದೊರೆಯುತ್ತಿದ್ದುದರಿಂದ ಬಿಸಿನೀರಿಗೆ ಕಾಸಿನ ಖರ್ಚಿರಲಿಲ್ಲ. ದೀಪಾವಳಿಯಲ್ಲಿ ನೀರು ತುಂಬುವ ದಿನ ಹಂಡೆಯನ್ನು ಬೆಳಗಿ, ಬಳ್ಳಿಯ ಹಾರ ತೊಡಿಸಿ ಪೂಜಿಸುವ ಪದ್ಧತಿ ಈಗಲೂ ಉಂಟು.

ನಮ್ಮ ಮನೆಯ ಹಂಡೆ ಹಿರಿಯರ ಕಾಲದ್ದು. ತಳ ಸವೆದು ಎರಡು ಬಾರಿ ಬೆಸುಗೆ ಕಂಡಿತ್ತು. ಮೂರನೆಯ ಬಾರಿ ಸೋರಿದಾಗ ಕೆಲಸದಾತನು, "ಇನ್ನು ಇದರಲ್ಲಿ ಬೆಸುಗೆ ನಿಲ್ಲದು, ಮಾಷ್ಟ್ರೇ" ಎಂದುಬಿಟ್ಟನು. ಒಲೆ ಊದಿ ಊದಿ ಮನೆಯವರ ಕಣ್ಣುಗಳು ಕೆಂಪಾಗುತ್ತಿದ್ದುದನ್ನೂ ವರ್ಷಗಟ್ಟಲೆ ಕಂಡಿದ್ದೆವು. ಆದುದರಿಂದ ಗ್ಯಾಸ್ ಗೀಸರ್ ತರಿಸಿದೆವು.

ಖರ್ಚಿನ ಲೆಕ್ಕವನ್ನು ಮೊದಲು ಹೇಳುವೆವು. 20 ಲೀಟರ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು 300 ಕಿಲೊಕ್ಯಾಲರಿ ಶಾಖ ಬೇಕು. ಒಂದು ಕಿಲೊ ಗ್ಯಾಸಿನಲ್ಲಿ ಸುಮಾರು 11,000 ಕಿಲೊಕ್ಯಾಲರಿ ಇದೆ. ಅದರಲ್ಲಿ ಐದನೆಯ ಒಂದು ಪಾಲು ವ್ಯರ್ಥವಾಯಿತೆಂದು ಹಿಡಿದರೂ ಒಂದು ಬಾಲ್ದಿ ನೀರಿಗೆ 35 ಗ್ರಾಂ ಗ್ಯಾಸ್ ಸಾಕು. 14.2 ಕಿಲೊದ ಒಂದು ಸಿಲಿಂಡರಿಗೆ ಸುಮಾರು 400 ಬಾಲ್ದಿ. ಐವರ ಸಂಸಾರಕ್ಕೆ ದಿನಕ್ಕೊಂದರಂತೆ 80 ದಿನ.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಗೀಸರನ್ನು ಬಚ್ಚಲಿನ ಒಳಗೋಡೆಗೇ ಹಾಕಿಸಿದೆವು. ಧನುರ್ಮಾಸದ ಚಳಿಗಾಳಿ ಬರುವುದೆಂದು ಗಾಳಿಗಂಡಿಗೆ ಹಲಗೆ ಹೊಡೆದವರೂ ನಾವೇ. ಒಂದು ಮುಂಜಾನೆ ಸ್ನಾನಕ್ಕೆ ಹೋದ ಸೊಸೆ ಕರೆದರೆ ಓಗೊಡಲಿಲ್ಲ. ಬಾಗಿಲು ಮುರಿದು ನೋಡಿದಾಗ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅಂಗಳಕ್ಕೆ ಹೊತ್ತು ತಂದು, ಆಸ್ಪತ್ರೆಗೆ ಒಯ್ದೆವು, ಬದುಕಿದಳು. ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಗಾಳಿಯಿಲ್ಲದೆ ಬೆಂಕಿ ಆರುವುದನ್ನು ಮೂವತ್ತು ವರ್ಷ ಮಕ್ಕಳಿಗೆ ತೋರಿಸಿದ ನಾವು, ಆ ಪಾಠವನ್ನು ಸ್ವಂತ ಮನೆಯಲ್ಲಿ ಮರೆತಿದ್ದೆವು.

ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ಸೋರಿದರೆ ತಿಳಿಯಲೆಂದು ಬೆರೆಸುವ ದುರ್ವಾಸನೆಯೂ ಗ್ಯಾಸ್ ಉರಿದ ಮೇಲೆ ಉಳಿಯದು. ಸೌದೆಯ ಒಲೆಯಲ್ಲಿಯೂ ಈ ವಿಷ ಹುಟ್ಟುತ್ತಿತ್ತು; ಆದರೆ ಹಂಚಿನ ಸಂದಿನಿಂದ ಅದು ಹೊರಗೆ ಹೋಗುತ್ತಿತ್ತು, ಹೊಗೆ ಕಣ್ಣುರಿಸಿ ನಮ್ಮನ್ನು ಎಚ್ಚರಿಸುತ್ತಿತ್ತು. ಈಗಿನ ಬಚ್ಚಲುಗಳಿಗೆ ಕಾಂಕ್ರೀಟಿನ ಮಾಡು, ಭದ್ರವಾದ ಬಾಗಿಲು.

ನಮ್ಮ ಗೀಸರಿನೊಡನೆ ಬಂದ ಸೂಚನಾ ಪುಸ್ತಕದಲ್ಲಿ ಕನ್ನಡವಿರಲಿಲ್ಲ. ಗಡಿಯಾಚೆಯ ಅನೇಕ ಮನೆಗಳಲ್ಲಿ ಹಿರಿಯ ಹೆಂಗಸರು ಕನ್ನಡವನ್ನು ಮಾತ್ರ ಓದಬಲ್ಲವರು. ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಗೀಸರೂ ಸಿಲಿಂಡರೂ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ, ಕಿಟಿಕಿಯಿಂದ ದೂರವಿರಲಿ. ಒಳಕ್ಕೆ ನೀರಿನ ಕೊಳವೆ ಮಾತ್ರ ಬರಲಿ. ಗಾಳಿಗಂಡಿಯನ್ನು ಎಂದೂ ಮುಚ್ಚಬಾರದು. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾದರೆ ನಿಲ್ಲಿಸಿ ದುರಸ್ತಿ ಮಾಡಿಸಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಬಂದೊಡನೆ ಹೊರಗೆ ಬರಬೇಕು. ಗ್ಯಾಸಿನ ವಾಸನೆ ಬಂದರೆ ವಿದ್ಯುತ್ ಸ್ವಿಚ್ಚನ್ನು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಿಕಿಗಳನ್ನು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ನಮ್ಮ ಗೀಸರ್ ಈಗ ಹಿತ್ತಲಿನ ಗೋಡೆಯಲ್ಲಿದೆ. ಹಲಗೆ ಕಿತ್ತ ಗಾಳಿಗಂಡಿಯಿಂದ ಚಳಿ ಬರುತ್ತದೆ, ಬರಲಿ. ಬಚ್ಚಲಿನೊಳಗೆ ಗೀಸರ್ ಇಟ್ಟಿರುವ ಬಂಧುಗಳು ನಾಳಿನ ಸ್ನಾನಕ್ಕೆ ಮೊದಲೇ ಅದನ್ನು ಹೊರಗೆ ಹಾಕಿಸಬೇಕೆಂದು ವಿನಂತಿಸುತ್ತೇವೆ.